ಒಂದು ಗೇಣು ಮೇಲೆ

ಕಳೆದ ಶನಿವಾರ ಬೆಳಿಗ್ಗೆ ನಮ್ಮ ವಾಷಿಂಗ್ ಮೆಷಿನ್ನಿನ ಒಳಗಿನಿಂದ ಟಣ್ ಟಣ್ ಎಂದು ಸದ್ದು ಬರತೊಡಗಿತು. ಮೆಷಿನ್ನಿಗೆ ವಯಸ್ಸಾಗಿದೆ, ನರಳುವುದು ಅದರ ಹಕ್ಕು. ಆದರೆ ಇದು ನರಳಾಟವಲ್ಲ, ಒಳಗಿನಿಂದ ಯಾರೋ ಬಾಗಿಲು ಬಡಿಯುವ ಸದ್ದು. ನನ್ನ ಗಂಡ ರೋನಿ ಮೆಷಿನ್ ನಿಲ್ಲಿಸಿ, ನೀರು ಇಳಿಯುವವರೆಗೆ ಕಾದು, ಒದ್ದೆ ಬಟ್ಟೆಗಳ ನಡುವೆ ಕೈಯಾಡಿಸಿ ಹಿತ್ತಾಳೆಯ ಒಂದು ಪುಟ್ಟ ಕೊಳವೆಯನ್ನು ಹೊರತೆಗೆದ. ಸತ್ತ ಜಿರಳೆಯನ್ನು ಎತ್ತುವ ಹಾಗೆ ಎರಡೇ ಬೆರಳಲ್ಲಿ ಹಿಡಿದು ನನ್ನ ಮುಂದೆ ತಂದ. ಅದು ಖಾಲಿ ತೋಟೆ, ಅಂದರೆ ಗುಂಡು ಹಾರಿ ಹೋದ ಮೇಲೆ ಉಳಿಯುವ ಸಿಪ್ಪೆ. ಯಾವ ಬಟ್ಟೆಯಲ್ಲಿತ್ತು ಎಂದು ಕೇಳಿದೆ. ಪಪ್ಪನ ಬಿಳಿ ಶರ್ಟಿನ ಕಿಸೆಯಲ್ಲಿ ಎಂದ. ನನ್ನ ಪಪ್ಪ, ಮಮ್ಮಿ ಇಬ್ಬರೂ ನಮ್ಮಲ್ಲಿ ಒಂದು ತಿಂಗಳು ಇದ್ದು ಅದೇ ವಾರ ಊರಿಗೆ ಮರಳಿದ್ದರು. ಶರ್ಟು ಇಲ್ಲೇ ಉಳಿದಿತ್ತು.

"ಪಾಪ, ಮರೆತು ಹೋಗಿರಬೇಕು" ಎಂದ ರೋನಿ.

ನಾನು ತೋಟೆಯನ್ನು ಒರೆಸಿ ಅಡುಗೆಮನೆಯ ಕಿಟಕಿಯಲ್ಲಿ ಪುದೀನಾ ಕುಂಡದ ಪಕ್ಕ ನಿಲ್ಲಿಸಿದೆ. ಅವತ್ತಿನಿಂದ ಚಹಾ ಕುದಿಸುವಾಗಲೆಲ್ಲ ಅದನ್ನೇ ನೋಡುತ್ತಾ ನಿಲ್ಲುತ್ತೇನೆ, ಎರಡು ಸಲ ಹಾಲು ಉಕ್ಕಿತು. ಇದೆಲ್ಲ ಯಾರಿಗಾದರೂ ಹೇಳದೆ ಇನ್ನು ಗತಿಯಿಲ್ಲ, ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ದುಬೈಯ ಮಿರ್ದಿಫಿನಲ್ಲಿ ವಾಸವಿರುವ, ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ, ಐವತ್ತು ದಾಟಿದ, ಮಂಡಿ ನೋವಿನ ಹೆಂಗಸಿಗೂ ಕೋವಿಗೂ ಎಂತ ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಚರ್ಚಿನ ಹೆಂಗಸರೂ ಅದನ್ನೇ ಕೇಳುತ್ತಾರೆ. ಪೂಜೆ ಮುಗಿಸಿ ಹೊರಗೆ ಬರುವಾಗ ಒಬ್ಬಳಾದರೂ "ಐರಿನ್ ಬಾಯಿ, ಈ ವಾರ ಎಷ್ಟು ಜನರನ್ನು ಮುಗಿಸಿದಿರಿ?" ಎಂದು ನಗುತ್ತಾಳೆ. ನನ್ನ ಮಗಳು ಶರಲ್‌ಗೆ ಇದು ನಾಚಿಕೆಯ ವಿಷಯ. ನಾನು ಕೊಂಕಣಿಯಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. "ಮಮ್ಮಾ, ಅದರ್ ಮದರ್ಸ್ ಡೂ ಯೋಗಾ" ಎನ್ನುತ್ತಾಳೆ. ಯೋಗವನ್ನೂ ಮಾಡಿ ನೋಡಿದ್ದೇನೆ ಮಾರಾಯ್ರೆ. ಕೆಳಗೆ ಕೂತದ್ದು ಹೌದು, ಏಳಲಿಕ್ಕೆ ಇಬ್ಬರು ಬೇಕಾದರು.

ಶುರುವಾದದ್ದು ಹೀಗೆ. ನಮ್ಮ ಕ್ಲಿನಿಕ್ಕಿನವರು ಸ್ಟಾಫನ್ನೆಲ್ಲ ಒಟ್ಟುಗೂಡಿಸಿ ವರ್ಷಕ್ಕೊಂದು ಸಲ ಎಲ್ಲಿಗಾದರೂ ಕರೆದುಕೊಂಡು ಹೋಗುತ್ತಾರೆ. ಒಂದು ವರ್ಷ ದೋಣಿ, ಒಂದು ವರ್ಷ ಮರಳು ದಿಬ್ಬ, ಆ ವರ್ಷ ಶೂಟಿಂಗ್ ಕ್ಲಬ್ಬು. ಹರೆಯದ ನರ್ಸುಗಳೆಲ್ಲ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸೆಲ್ಫಿ ತೆಗೆಯುತ್ತಿದ್ದರು. ನನಗೆ ಎಲ್ಲರ ಬ್ಯಾಗು ಕಾಯುವ ಕೆಲಸ. ಕೊನೆಗೆ ಯಾರೋ ನನ್ನನ್ನೂ ಮುಂದೆ ತಳ್ಳಿದರು. ಕೈಗೆ ಬಂದದ್ದು ಕಾರ್ಬೈನ್. ಪಿಸ್ತೂಲಿಗೆ ಹಾಕುವ ಚಿಕ್ಕ ಗುಂಡನ್ನೇ ಇದಕ್ಕೂ ಹಾಕುವುದು, ಆದರೆ ನಳಿಗೆ ಉದ್ದ, ಹೆಗಲಿಗೆ ಆನಿಸಿ ಹೊಡೆಯಬಹುದು. ಪಿಸ್ತೂಲಿನ ಹಾಗೆ ಕೈಯಲ್ಲಿ ಕುಣಿಯುವುದಿಲ್ಲ, ದೊಡ್ಡ ಕೋವಿಯ ಹಾಗೆ ಹೆಗಲಿಗೆ ಒದೆಯುವುದೂ ಇಲ್ಲ. ನನ್ನ ವಯಸ್ಸಿನವರಿಗೆ ಹೇಳಿ ಮಾಡಿಸಿದ ಸಾಮಾನು.

ಹೊಡೆದೆ. ಕಾಗದವನ್ನು ತಂತಿಯ ಮೇಲೆ ಹತ್ತಿರ ತಂದು ನೋಡಿದರೆ ನಡುವಿನ ಕಪ್ಪು ವೃತ್ತದಲ್ಲಿ ಒಂದೂ ಇಲ್ಲ. ಎಲ್ಲವೂ ಕಾಗದದ ಮೇಲಿನ ಅಂಚಿನಲ್ಲಿ ಒಂದರ ಪಕ್ಕ ಒಂದು, ಊರಿನ ಚಾವಡಿಯಲ್ಲಿ ಅಜ್ಜಂದಿರು ಕೂತ ಹಾಗೆ ಕೂತಿದ್ದವು. ಕಲಿಸುವವನು ಜುನ್ ಎಂಬ ಫಿಲಿಪೀನ್ಸ್ ದೇಶದ ಸಣ್ಣ ಆಳು. ಅವನು ಕಾಗದ ನೋಡಿದ, ನನ್ನನ್ನು ನೋಡಿದ. "ಮೇಡಂ, ಬ್ಯೂಟಿಫುಲ್. ಬಟ್ ಟೂ ಹೈ" ಎಂದ. ಗುರಿನೋಟದ ತಿರುಪು ಸರಿಮಾಡಿ ಕೊಟ್ಟ. ಮತ್ತೆ ಮೇಲೆಯೇ. ಇನ್ನೊಮ್ಮೆ ತಿರುಗಿಸಿದ. ನನ್ನ ಕೈಯೂ ಅಷ್ಟೇ ಮೇಲೇರಿತು. ತಿರುಪು ಸಡಿಲವಿದ್ದದ್ದು ಕೋವಿಯಲ್ಲಲ್ಲ, ಅದು ಇದ್ದದ್ದು ಎಲ್ಲಿ ಎಂದು ನನಗೆ ಆ ಹೊತ್ತಿಗೆ ಗೊತ್ತಾಗಿತ್ತು. ನಗು ತಡೆಯಲಾಗದೆ ಅಲ್ಲೇ ನಕ್ಕುಬಿಟ್ಟೆ. ಮುಂದಿನ ವಾರ ಒಬ್ಬಳೇ ಹೋದೆ, ಅದರ ಮುಂದಿನ ವಾರವೂ ಹೋದೆ.

ಈ ದೇಶದಲ್ಲಿ ನಮ್ಮಂಥವರು ಮನೆಯಲ್ಲಿ ಕೋವಿ ಇಟ್ಟುಕೊಳ್ಳುವ ಮಾತೇ ಇಲ್ಲ. ಕ್ಲಬ್ಬಿನದು ಕ್ಲಬ್ಬಿನಲ್ಲೇ. ಆದರೂ ಅಲ್ಲಿರುವ ಒಂದು ಕಾರ್ಬೈನನ್ನು ನಾನು ನನ್ನದೆಂದೇ ತಿಳಿದಿದ್ದೇನೆ. ಅದರ ಹಿಡಿಯ ಮೇಲೆ ಹಲ್ಲಿಯ ಬಾಲದಂಥ ಒಂದು ಗೀರಿದೆ. ನಾನು ಹೋದಾಗ ಅದು ಬೇರೆಯವರ ಕೈಯಲ್ಲಿದ್ದರೆ ಆ ದಿನವೆಲ್ಲ ನನ್ನ ಮುಖ ಊದಿಕೊಂಡಿರುತ್ತದೆ. ರೋನಿಗೆ ಇದು ತಮಾಷೆ. ಇನ್ನೊಬ್ಬರ ಕಪಾಟಿನಲ್ಲಿರುವುದನ್ನು ನನ್ನದು ಎನ್ನುತ್ತೀಯಲ್ಲ ಎಂದು ಹಂಗಿಸುತ್ತಾನೆ. ಅವನಿಗೇನು ಗೊತ್ತು, ನಮ್ಮ ಮನೆಯ ಕೋವಿಯೂ ಅರ್ಧ ಆಯುಷ್ಯ ಇನ್ನೊಬ್ಬರ ಕಪಾಟಿನಲ್ಲೇ ಕಳೆದದ್ದು.

ನಮ್ಮ ಊರು ಬೆಳ್ತಂಗಡಿಯ ಆಚೆ, ಘಟ್ಟದ ಬುಡ. ತೆಂಗು, ಬಾಳೆ, ಸ್ವಲ್ಪ ಕೊಕ್ಕೊ, ಅನಾನಸು ಇದ್ದ ತೋಟ. ತೋಟಕ್ಕೆ ಮಾಲೀಕರು ನಾವು, ಅನುಭೋಗ ಮಂಗಗಳದ್ದು. ಹಿಂಡುಹಿಂಡಾಗಿ ಬಂದು ಎಳನೀರು ಕುಡಿದು ಚಿಪ್ಪನ್ನು ನಮ್ಮ ಮಾಡಿನ ಮೇಲೆ ಎಸೆದು ಹೋಗುತ್ತಿದ್ದವು. ಇವನ್ನು ಓಡಿಸಲಿಕ್ಕೆಂದೇ ಪಪ್ಪನಿಗೆ ಲೈಸೆನ್ಸು, ಒಂಟಿ ನಳಿಗೆಯ ಒಂದು ಕೋವಿ. ಚುನಾವಣೆ ಬಂತೆಂದರೆ ಊರಿನ ಕೋವಿಗಳೆಲ್ಲ ಪೊಲೀಸ್ ಸ್ಟೇಶನ್ನಿಗೆ ಹೋಗಿ ಕೂರಬೇಕು, ಅದು ನಿಯಮ. ಪಂಚಾಯತು, ವಿಧಾನಸಭೆ, ಲೋಕಸಭೆ ಎಂದು ಒಂದಲ್ಲ ಒಂದು ಬರುತ್ತಲೇ ಇತ್ತು. ಪಪ್ಪ ಕೋವಿಗೆ ತೆಂಗಿನೆಣ್ಣೆ ಸವರಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿಗೆ ಹತ್ತುತ್ತಿದ್ದರು. ಅದೇ ಬಸ್ಸಿನಲ್ಲಿ ಅಂಥದ್ದೇ ಉದ್ದನೆಯ ಕಟ್ಟು ಹಿಡಿದುಕೊಂಡು ಊರಿನ ಅರ್ಧ ಗಂಡಸರು ಮುಖ ಸಪ್ಪೆ ಮಾಡಿ ಕೂತಿರುತ್ತಿದ್ದರು, ಮಕ್ಕಳನ್ನು ಹಾಸ್ಟೆಲಿಗೆ ಬಿಡಲು ಹೊರಟವರ ಹಾಗೆ. ಮಂಗಗಳಿಗೆ ಈ ನೀತಿ ಸಂಹಿತೆ ನಮಗಿಂತ ಮೊದಲೇ ತಿಳಿಯುತ್ತಿತ್ತು. ಕೋವಿ ಹೋದ ಮರುದಿನದಿಂದಲೇ ಅವು ಅಂಗಳಕ್ಕೆ ಇಳಿದು ಬಟ್ಟೆ ಒಣಗಿಸುವ ಹಗ್ಗದಲ್ಲಿ ಜೋತಾಡುತ್ತಿದ್ದವು. ಪ್ರಜಾಪ್ರಭುತ್ವದ ಬಗ್ಗೆ ಪಪ್ಪನಿಗಿದ್ದ ತಕರಾರು ಇದೊಂದೇ.

ಹಾಗೆಂದು ಕೋವಿ ಮನೆಯಲ್ಲಿದ್ದಾಗ ಮಂಗಗಳಿಗೆ ಏನಾದರೂ ಆಗುತ್ತಿತ್ತೇ ಎಂದರೆ, ಅದೂ ಇಲ್ಲ. ಪಪ್ಪನ ಕೋವಿಯಿಂದ ಒಂದು ಜೀವಕ್ಕೂ ತಾಗಿದ ದಾಖಲೆಯಿಲ್ಲ. ಅವರು ಮರದ ತುದಿಯಿಂದ ಒಂದು ಗೇಣು ಮೇಲೆ, ಹಿಂದಿನ ಗುಡ್ಡದ ಕೆಂಪು ಧರೆಗೆ ಹೊಡೆಯುವವರು. ಉಳಿದವರೆಲ್ಲ ಸಣ್ಣ ಕಾಳಿನಂಥ ಚಿಲ್ಲು ತುಂಬಿದ ತೋಟೆ ಹಾಕಿದರೆ ಪಪ್ಪ ಒಂಟಿ ಗುಂಡಿನ ತೋಟೆಯನ್ನೇ ಹಾಕುತ್ತಿದ್ದರು. ಚಿಲ್ಲು ಹರಡುತ್ತದೆ, ತಪ್ಪಿ ಒಂದಕ್ಕೆ ತಾಗಿದರೆ ಎಂತ ಮಾಡುವುದು ಎಂಬುದು ಅವರ ಲೆಕ್ಕಾಚಾರ. ನನ್ನ ತಮ್ಮ ಜೋಸ್ಸಿಗೆ ಸದ್ದೆಂದರೆ ಹೆದರಿಕೆ, ಕೋವಿ ಹೊರಗೆ ಬಂದರೆ ಅವನು ಒಲೆಯ ಹಿಂದೆ. ಆದ್ದರಿಂದ ಜಗಲಿಯಲ್ಲಿ ಪಪ್ಪನ ಪಕ್ಕ ನಿಲ್ಲುವ ಭಾಗ್ಯ ನನಗೆ ಸಿಕ್ಕಿತು. ಒಮ್ಮೊಮ್ಮೆ, ಕಾನೂನಿನ ಕಣ್ಣು ತಪ್ಪಿಸಿ, ಹಿಡಿಯನ್ನು ನನ್ನ ಹೆಗಲಿಗಿಟ್ಟು ತಾನು ಹಿಂದಿನಿಂದ ಹಿಡಿದುಕೊಳ್ಳುತ್ತಿದ್ದರು. ಅವರಿಗೆ ನಾನು ಬಾಯೆ, ಅಂದರೆ ನಮ್ಮ ಕೊಂಕಣಿಯಲ್ಲಿ ಮಗಳೇ ಎಂದು.

"ಮಂಗ ಕಾಣ್ತದಾ ಬಾಯೆ? ಕಂಡ್ರೆ, ಅಲ್ಲಿಂದ ಒಂದು ಗೇಣು ಮೇಲೆ ನೋಡು. ಅದಕ್ಕೆ ಹೇಳಿದ್ರೆ ಸಾಕು, ಕೊಲ್ಲುವುದು ಎಂತಕ್ಕೆ?"

ನಾನು ಕಲಿತ ಪಾಠ ಇಷ್ಟೇ. ಜುನ್ ಎಷ್ಟು ತಿರುಪು ತಿರುಗಿಸಿದರೂ ಹೋಗದ ಪಾಠ ಇದು.

ಹಾರಿಸಿದ ಮೇಲೆ ಕೋವಿಯನ್ನು ಮಡಚಿದರೆ ಖಾಲಿ ತೋಟೆ ಹೊಗೆಯ ಸಮೇತ ಹಾರಿ ಬೀಳುತ್ತಿತ್ತು. ಅದಕ್ಕಾಗಿ ನಾನೂ ಜೋಸ್ಸಿಯೂ ಕಚ್ಚಾಡುತ್ತಿದ್ದೆವು, ಒಲೆಯ ಹಿಂದಿನಿಂದ ಬರಲು ಅವನಿಗೆ ಆಗ ಧೈರ್ಯ ಬರುತ್ತಿತ್ತು. ತುಟಿಗಿಟ್ಟು ಓರೆಯಾಗಿ ಊದಿದರೆ ಹಡಗಿನ ಕೂಗಿನಂಥ ಸದ್ದು. ಮಮ್ಮಿ ಒಂದರಲ್ಲಿ ಸೂಜಿ ಹಾಕಿ ಬೆಣೆ ಬಡಿದು ಇಟ್ಟುಕೊಂಡಿದ್ದರು. ಪಟಾಕಿಯಂತೆಯೂ ಅಲ್ಲದ, ಬೆಂಕಿಯಂತೆಯೂ ಅಲ್ಲದ ಆ ವಾಸನೆಯನ್ನು ಮೂಗಿಗೆ ಹಿಡಿದುಕೊಂಡು ನಾನು ಹೋಮ್‌ವರ್ಕ್ ಮಾಡಿದ್ದುಂಟು. ಇವತ್ತಿಗೂ ಕ್ಲಬ್ಬಿನ ಬಾಗಿಲು ತೆರೆದಾಗ ಮೊದಲು ಬರುವುದು ಅದೇ ವಾಸನೆ. ನಾನು ಹೋಗುವುದು ಅದಕ್ಕೇ ಇರಬಹುದು.

ಮದುವೆಯಾದ ಹೊಸತರಲ್ಲಿ ನಾವು ಅಬುಧಾಬಿಯಲ್ಲಿ, ಹಮ್ದಾನ್ ಸ್ಟ್ರೀಟಿನ ಒಂದು ಫ್ಲ್ಯಾಟನ್ನು ಇನ್ನೊಂದು ಸಂಸಾರದ ಜೊತೆ ಹಂಚಿಕೊಂಡಿದ್ದೆವು. ನಡುವೆ ಪ್ಲೈವುಡ್ ಗೋಡೆ. ಆಚೆಯವರು ಕೆಮ್ಮಿದರೆ ನಾವು ನೀರು ಕೊಡಬಹುದಾದಷ್ಟು ಹತ್ತಿರ. ಊರಿಗೆ ವಾರಕ್ಕೊಂದು ಫೋನು. ಒಮ್ಮೆ ಪಪ್ಪನ ಜೊತೆ ಮಾತನಾಡುತ್ತಿರುವಾಗ ಅವರು "ಇರು ಬಾಯೆ, ಬಂದವು" ಎಂದು ರಿಸೀವರನ್ನು ಜಗಲಿಯ ದಂಡೆಯ ಮೇಲಿಟ್ಟರು. ಆಮೇಲೆ ಢಂ ಎಂದು ಸದ್ದು. ಅದರ ಹಿಂದೆಯೇ ನಾಯಿ, ಮಮ್ಮಿಯ ಬೈಗುಳ, ಎಲೆ ಎಲೆಗಳ ಮೇಲೆ ಮಂಗಗಳು ಓಡುವ ಸರಸರ, ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ನನಗೆ ಅಳುವೇ ಬಂತು. ಹಮ್ದಾನ್ ಸ್ಟ್ರೀಟಿನ ಹಾರ್ನುಗಳ ನಡುವೆ ನಿಂತು, ಕಿವಿಗೆ ಫೋನು ಒತ್ತಿಕೊಂಡು, ಸಂತೋಷಕ್ಕೆ ಅತ್ತೆ. ಪ್ಲೈವುಡ್ಡಿನ ಆಚೆಯ ಹೆಂಗಸು ಓಡಿ ಬಂದು ಊರಿನಲ್ಲಿ ಯಾರು ಹೋದರು ಎಂದು ಕೇಳಿದರು. ಯಾರೂ ಹೋಗಲಿಲ್ಲ, ಮಂಗಗಳು ಮಾತ್ರ ಹೋದವು ಎಂದೆ.

ಊರಿನವರಿಗೆ ಮಾತ್ರ ಪಪ್ಪನ ಈ ಒಂದು ಗೇಣಿನ ಶಾಸ್ತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಂದಿ ಓಡಿಸಲು ಊರಿಗೆ ಊರೇ ಹೊರಟಾಗ ಪಪ್ಪನನ್ನೂ ಕರೆಯುತ್ತಿದ್ದರು. ಪಪ್ಪ ಹೋಗುತ್ತಿದ್ದರು, ಹೊಡೆಯುತ್ತಿದ್ದರು, ಹಂದಿ ಕ್ಷೇಮವಾಗಿ ಮನೆ ಸೇರುತ್ತಿತ್ತು. ನೆರೆಮನೆಯ ಸಂಜೀವಣ್ಣ ಬಾಯಿ ಬಿಟ್ಟರೆ ತಮಾಷೆ ಮಾಡುವವರು. ನಮ್ಮ ಕಡೆ ಕ್ರಿಸ್ತಾನರನ್ನು ತುಳುವಿನವರು ಪೊರ್ಬುಗಳು ಎಂದು ಕರೆಯುತ್ತಾರೆ. ಪೊರ್ಬುಗಳ ಕೋವಿ ಕೋವಿಯಲ್ಲ, ಹಬ್ಬಕ್ಕೆ ಸುಡುವ ಗರ್ನಾಲು, ಬರೀ ಸದ್ದು ಎಂದು ಅವರು ಹೇಳಿದ್ದೇ ಪಪ್ಪನಿಗೆ ಹೆಸರಾಗಿಬಿಟ್ಟಿತು. ಗರ್ನಾಲು ಪೊರ್ಬು. ಮನೆಯಲ್ಲಿ ಮಮ್ಮಿಯೂ ಕಡಿಮೆಯಿರಲಿಲ್ಲ. ಪಪ್ಪ ಚರ್ಚಿನ ಗಾಯನ ಮಂಡಳಿಯಲ್ಲಿ ಪಿಟೀಲು ಬಾರಿಸುತ್ತಿದ್ದರು. ಇವರ ಪಿಟೀಲೂ ಶ್ರುತಿಗಿಂತ ಒಂದು ಗೇಣು ಮೇಲೆಯೇ ಎನ್ನುತ್ತಿದ್ದರು ಮಮ್ಮಿ. ಪಪ್ಪ ನಗುತ್ತಿದ್ದರು. ನಾನು ಮಾತ್ರ ಎಲ್ಲರ ಜೊತೆ ಜಗಳ. ಪಪ್ಪ ಬೇಕೆಂದೇ ತಪ್ಪಿಸುವುದು, ಮನಸ್ಸು ಮಾಡಿದರೆ ತಾಗಿಸಿಯಾರು ಎಂದು ಶಾಲೆಯಲ್ಲಿ ಸಂಜೀವಣ್ಣನ ಮಗಳ ಜಡೆ ಹಿಡಿದು ಎಳೆದಿದ್ದೇನೆ.

ಈಗ ಜೋಸ್ಸಿ ತೋಟ ನೋಡಿಕೊಳ್ಳುತ್ತಾನೆ, ಹೆಂಡತಿ ಮಕ್ಕಳು ಎಲ್ಲ ಅಲ್ಲೇ. ಮನೆಯಲ್ಲಿ ಗಲಾಟೆಗೆ ಬರವಿಲ್ಲ. ಅವನು ಸುತ್ತ ಸೋಲಾರ್ ಬೇಲಿ ಹಾಕಿಸಿದ ಮೇಲೆ ಕೋವಿಗೆ ಕೆಲಸ ಉಳಿಯಲಿಲ್ಲ. ಪಪ್ಪನ ಕಣ್ಣಿಗೂ ಪೊರೆ ಬಂದು ಆಪರೇಷನ್ ಆಯಿತು. ಕಳೆದ ಚುನಾವಣೆಗೆ ಕೋವಿಯನ್ನು ಸ್ಟೇಶನ್ನಿಗೆ ಒಪ್ಪಿಸಿ ಬಂದವರು ಮತ್ತೆ ತರಲು ಹೋಗಲೇ ಇಲ್ಲ, ಲೈಸೆನ್ಸನ್ನೂ ಬಿಟ್ಟುಕೊಟ್ಟರು. ಫೋನಿನಲ್ಲಿ ನಾನು ಯಾಕೆ ಎಂದು ಕೇಳಿದ್ದಕ್ಕೆ "ಯಾರಿಗೂ ತಾಗದ ಕೋವಿ, ಅಲ್ಲೇ ಇರಲಿ" ಎಂದರು. ಫೋನು ಇಡುವ ಮೊದಲು ಇನ್ನೊಂದು ಮಾತು ಹೇಳಿದರು.

"ಸಂಜೀವ ಹೇಳಿದ್ದೇ ಸರಿಯೋ ಏನೋ ಬಾಯೆ. ತಾಗಿಸ್ಲಿಕ್ಕೆ ಅಂತ ನಾನು ಒಂದು ಸಲವೂ ಹೊಡಿಲಿಲ್ಲ ಅಲ್ವಾ. ನನಗೆ ಬರ್ತಿತ್ತೋ ಇಲ್ಲವೋ, ನನಗೇ ಗೊತ್ತಿಲ್ಲ."

ಆ ಮಾತು ನನ್ನ ಎದೆಗೆ ನಾಟಿತು. ನಗುನಗುತ್ತಾ ಇಷ್ಟು ವರ್ಷ ಹೊತ್ತ ಹೆಸರು ಕೊನೆಗೆ ಒಳಗೆ ಇಳಿದುಬಿಟ್ಟಿತ್ತು. ಅವರು ಇಲ್ಲಿಗೆ ಬರುವುದು ನಿಶ್ಚಯವಾದ ದಿನದಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ಪಪ್ಪನನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗಬೇಕು, ಒಮ್ಮೆ ಕೋವಿ ಹಿಡಿಸಬೇಕು. ಆದರೆ ಬಂದ ಮೇಲೆ ಬಾಯಿ ಬರಲಿಲ್ಲ. ಕೈ ನಡುಗಿ, ಕಣ್ಣು ಕೈಕೊಟ್ಟು, ಗುಂಡುಗಳು ಕಾಗದದ ತುಂಬ ಚೆಲ್ಲಾಪಿಲ್ಲಿಯಾದರೆ? ಬರುತ್ತಿತ್ತೋ ಇಲ್ಲವೋ ಎಂಬ ಸಂಶಯವೇ ಆಗ ಹೋಗಿಬಿಡುತ್ತದೆ, ಬರುತ್ತಿರಲಿಲ್ಲ ಎಂದು ಖಾತ್ರಿಯಾಗುತ್ತದೆ. ಅವರಿಗೂ, ಜಡೆ ಎಳೆದ ನನಗೂ. ಅದಕ್ಕಿಂತ ಮಾಲು, ಬೀಚು, ಕಾರಂಜಿ ತೋರಿಸುವುದೇ ವಾಸಿ ಎಂದು ಅವನ್ನೇ ತೋರಿಸಿದೆ. ಪಪ್ಪ ಎಲ್ಲವನ್ನೂ ವಿನಯದಿಂದ ನೋಡಿದರು. ಮಿರ್ದಿಫಿನ ಮೇಲೆ ಇಳಿಯುವ ವಿಮಾನಗಳನ್ನು ಬಾಲ್ಕನಿಯಿಂದ ನೋಡುವುದೇ ಅವರಿಗೆ ಹೆಚ್ಚು ಇಷ್ಟವಾಯಿತು. ಕೆಲವಕ್ಕೆ ಕೈ ಅಡ್ಡ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದರು, ನಾನು ನೋಡಿದರೆ ಕೈ ಇಳಿಸುತ್ತಿದ್ದರು.

ಬಾಯಿಬಿಟ್ಟದ್ದು ರೋನಿ. ಅವನ ಆಫೀಸು ಸಿಲಿಕಾನ್ ಓಯಸಿಸಿನಲ್ಲಿ. ಅಲ್ಲಿಂದ ಬಂದು ಬೂಟು ಬಿಚ್ಚುತ್ತಾ, ಮಾಮ, ನಿಮ್ಮ ಮಗಳಿಗೆ ಒಂದು ಕೋವಿ ಇದೆ ಗೊತ್ತುಂಟಾ ಎಂದುಬಿಟ್ಟ. ಪಪ್ಪ ನನ್ನ ಮುಖ ನೋಡಿದರು. ನಾನು ಲ್ಯಾಬಿನ ರಿಪೋರ್ಟು ತಪ್ಪಾದವಳ ಹಾಗೆ ಎಲ್ಲ ಹೇಳಿದೆ, ಮೇಲೆ ಮೇಲೆ ಹೋಗುವುದನ್ನೂ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ, ನನ್ನನ್ನೂ ಒಮ್ಮೆ ಕರಕೊಂಡು ಹೋಗ್ತೀಯಾ ಎಂದು ಶಾಲೆಗೆ ಹೊರಟ ಮಗು ಕೇಳುವ ಸ್ವರದಲ್ಲಿ ಕೇಳಿದರು. ಇನ್ನು ಬೇಡ ಎನ್ನಲು ನಾನು ಯಾರು?

ಆ ವಾರದ ಶನಿವಾರ ಪಪ್ಪ ಬೇಗ ಎದ್ದು ಗಡ್ಡ ಕೆರೆದು, ಭಾನುವಾರದ ಪೂಜೆಗೆಂದು ಇಸ್ತ್ರಿ ಮಾಡಿಸಿದ್ದ ಬಿಳಿ ಶರ್ಟು ಹಾಕಿದರು. ಮಮ್ಮಿ ಬರುವುದಿಲ್ಲ ಎಂದು ಹಟ ಹಿಡಿದು, ಕೊನೆಗೆ ಬಂದರು. ಕ್ಲಬ್ಬಿನಲ್ಲಿ ಗಾಜಿನ ಗೋಡೆಯ ಈಚೆ ಕೂತು ನೋಡಲು ಕುರ್ಚಿಗಳಿವೆ, ಕರಕ್ ಚಹಾ ಸಿಗುತ್ತದೆ. ಮಮ್ಮಿ ಗಾಜಿಗೆ ಬೆನ್ನು ಹಾಕಿ ಕೂತು ಕೈಚೀಲದಿಂದ ಜಪಸರ ತೆಗೆದರು. ಪಕ್ಕದಲ್ಲಿ ರೋನಿ. ಸದ್ದಿಗೆ ಹೆದರುವ ಇನ್ನೊಂದು ಪ್ರಾಣಿ ನನಗೆ ಗಂಟುಬಿದ್ದದ್ದು ನನ್ನ ಹಣೆಬರಹ.

ಒಳಗೆ ಜುನ್ ನಿಯಮಗಳನ್ನು ಹೇಳಿದ. ಪಪ್ಪ ಉಪದೇಶ ಕೇಳುವಂತೆ ತಲೆಬಾಗಿ ಕೇಳಿದರು. ಗೀರಿನ ಕಾರ್ಬೈನನ್ನು, ನನ್ನದನ್ನೇ, ಖಾಲಿಯಿದೆ ಎಂದು ತೋರಿಸಿ ಅವರ ಕೈಗಿತ್ತ. ಪಪ್ಪ ಎಡಗೈಯಲ್ಲಿ ನಳಿಗೆ, ಬಲಗೈಯಲ್ಲಿ ಹಿಡಿ ಹಿಡಿದು ತೊಡೆಯ ಮೇಲೆ ಅದನ್ನು ಮಡಚಲು ಹೊರಟರು! ಒಂಟಿ ನಳಿಗೆಯ ಕೋವಿ ನಡುವಿನಲ್ಲಿ ಮಡಚುತ್ತದೆ, ತೋಟೆ ತುಂಬುವುದೇ ಹಾಗೆ. ಇದು ಎಲ್ಲಿ ಮಡಚುತ್ತದೆ? ಜುನ್ ಹೌಹಾರಿ "ನೋ ಸರ್, ನೋ ಸರ್" ಎಂದು ಓಡಿ ಬಂದ. ಪಪ್ಪನಿಗೆ ನಾಚಿಕೆಯಾಯಿತು. ಕಿವಿ ಕೆಂಪಾಗಿ ನನ್ನ ಕಡೆ ನೋಡಿದರು. ಇವರನ್ನು ಕರೆತಂದದ್ದೇ ತಪ್ಪಾಯಿತೇ ಎಂದುಕೊಂಡೆ.

ಗುರಿನೋಟದ ಗಾಜಿನೊಳಗೆ ಒಂದು ಕೆಂಪು ಚುಕ್ಕೆ ಉರಿಯುತ್ತದೆ, ಚುಕ್ಕೆ ಎಲ್ಲಿದೆಯೋ ಗುಂಡು ಅಲ್ಲಿಗೆ. ಪಪ್ಪ ಅದರಲ್ಲಿ ಕಣ್ಣಿಟ್ಟು, ಇದು ಮೋಸ ಅಲ್ವಾ ಎಂದು ಕೇಳಿದರು. ಎಲ್ಲರಿಗೂ ಇದೇ ಮೋಸ ಎಂದೆ. ಮೊಣಕೈಯನ್ನು ಮೇಜಿಗೆ ಆನಿಸಿದರು. ಕೈ ನಡುಗುತ್ತಿದ್ದದ್ದು ನಿಜ. ಆದರೆ ಹಿಡಿ ಹೆಗಲಿಗೆ ಸೇರಿ, ಕೆನ್ನೆ ಅದರ ಮೇಲೆ ಕೂತದ್ದೇ ತಡ, ನಡುಕ ನಿಂತಿತು. ನಮ್ಮ ಜಗಲಿಯಲ್ಲಿ ನಾನು ಕೆಳಗಿನಿಂದ ನೋಡುತ್ತಿದ್ದ ಅದೇ ಮುಖ. ಐದು ಗುಂಡುಗಳನ್ನು ಅವಸರವಿಲ್ಲದೆ, ನಡುವೆ ಉಸಿರು ಬಿಟ್ಟು ಬಿಟ್ಟು ಹೊಡೆದರು.

ಜುನ್ ಗುಂಡಿ ಒತ್ತಿದ. ಕಾಗದ ತೂಗುತ್ತಾ ಬಂತು. ನಡುವಿನ ಕಪ್ಪು ವೃತ್ತ ಅಂಗಡಿಯಿಂದ ತಂದ ಹಾಗೆಯೇ ಇತ್ತು. ಅದರಿಂದ ಸರಿಯಾಗಿ ಒಂದು ಗೇಣು ಮೇಲೆ ಐದೂ ತೂತುಗಳು ಒಂದನ್ನೊಂದು ತಿನ್ನುತ್ತಾ ಕೂತಿದ್ದವು. ನನ್ನ ಕೈಯಿಂದ ಇಷ್ಟು ದಿನವಾದರೂ ಅಷ್ಟು ಹತ್ತಿರ ಹತ್ತಿರ ಬಿದ್ದದ್ದಿಲ್ಲ. ನನ್ನ ಕಣ್ಣು ಮಂಜಾಯಿತು. ಜುನ್ ಪಾಪ, ಸಮಾಧಾನ ಮಾಡುವವನ ಹಾಗೆ, ಪರವಾಗಿಲ್ಲ, ಸ್ವಲ್ಪ ಮೇಲೆ ಹೋಗಿದೆ ಅಷ್ಟೇ, ಮೇಡಮ್ಮಿಗೂ ಹೀಗೆಯೇ ಎಂದ. ನಾನು ಅದನ್ನು ಪಪ್ಪನಿಗೆ ಹೇಳಿದೆ. ಪಪ್ಪ ಕಾಗದದಿಂದ ಕಣ್ಣು ತೆಗೆಯಲಿಲ್ಲ.

"ಅವನಿಗೆ ಹೇಳು ಬಾಯೆ, ಅದು ಮೇಲೆ ಹೋದದ್ದಲ್ಲ. ಕಳಿಸಿದ್ದು."

ನನಗೆ ಅಷ್ಟೇ ಸಾಕಿತ್ತು, ಅಲ್ಲೇ ಕೈಮುಗಿದು ಮನೆಗೆ ಹೋಗಬಹುದಿತ್ತು. ಪಪ್ಪನಿಗೆ ಸಾಲಲಿಲ್ಲ. ಇನ್ನೊಂದು ಕಾಗದ ಕೇಳಿದರು. ಇದರಲ್ಲಿ ನಡುವಿಗೆ ಒಂದು ನೋಡುತ್ತೇನೆ ಎಂದರು. ಬೇಡ ಪಪ್ಪ ಎಂಬ ಮಾತು ನನ್ನ ಬಾಯಿಯ ತುದಿಗೆ ಬಂದಿತ್ತು. ಯಾವತ್ತೂ ನೋಡದ ಕಡೆ ಇವತ್ತು ನೋಡಿ ತಪ್ಪಿದರೆ? ಆದರೆ ಅವರು ನನ್ನನ್ನು ಕೇಳುತ್ತಿರಲಿಲ್ಲ. ಕೆನ್ನೆ ಹಿಡಿಯ ಮೇಲೆ ಕೂತಾಗಿತ್ತು. ಈ ಸಲ ಬಹಳ ಹೊತ್ತು ಹಿಡಿದರು. ಮುಂಗೈ ಎರಡು ಸಲ ತಾನಾಗಿ ಮೇಲೇರಿದ್ದನ್ನೂ, ಅವರು ಎರಡು ಸಲ ಅದನ್ನು ಕೆಳಗೆ ತಂದದ್ದನ್ನೂ ನೋಡಿದೆ. ಆಮೇಲೆ ನಾನು ಕಣ್ಣು ಮುಚ್ಚಿಕೊಂಡೆ. ಸದ್ದಾಯಿತು. ಕಾಗದ ಬರುವ ಗಾಲಿಯ ಸದ್ದೂ ಆಯಿತು. ಜುನ್ "ಸರ್!" ಎಂದ.

ಕಪ್ಪಿನ ನಡುವೆ, ಕೂದಲೆಳೆಯಷ್ಟು ಎಡಕ್ಕೆ, ದುಂಡಗೆ ಒಂದು ತೂತು.

ಪಪ್ಪ ಅದನ್ನು ನೋಡಿ ತಲೆಯಾಡಿಸಿದರು. ಬರ್ತಿತ್ತು ಎಂದು ತನ್ನಷ್ಟಕ್ಕೆ ಹೇಳಿಕೊಂಡರು. ಕಾರ್ಬೈನನ್ನು ಮೇಜಿನ ಮೇಲೆ ಜುನ್ ಕಲಿಸಿದ ಹಾಗೆಯೇ ಇಟ್ಟು, ಉಳಿದದ್ದನ್ನು ನೀನೇ ಹೊಡೆ ಎಂದು ಹಿಂದೆ ಸರಿದರು. ನಡುವಿಗೆ ತಾಗಿದ ಆ ಒಂದು ಗುಂಡಿನ ತೋಟೆಯನ್ನು ನೆಲದಿಂದ ಬಗ್ಗಿ ಎತ್ತಿ, ಇಟ್ಟುಕೊಳ್ಳಬಹುದಾ ಎಂದು ಕೇಳಿದರು. ಕ್ಲಬ್ಬಿನ ಅಂಗಡಿಯಲ್ಲಿ ಇದಕ್ಕೇ ಸರಪಳಿ ಕಟ್ಟಿ ಕೀಚೈನ್ ಎಂದು ಮಾರುತ್ತಾರೆ, ಜುನ್ ಆಗಬಹುದು ಎಂದ. ಪಪ್ಪ ಅದನ್ನು ಒಮ್ಮೆ ಮೂಸಿ ಬಿಳಿ ಶರ್ಟಿನ ಕಿಸೆಗೆ ಹಾಕಿಕೊಂಡರು. ನಾನು ಉಳಿದ ಗುಂಡುಗಳನ್ನು ಹೊಡೆದೆ. ಎಲ್ಲಿಗೆ ಹೋದವು ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಪಪ್ಪ ಹಿಂದಿನಿಂದ ಗಟ್ಟಿಯಾಗಿ ನಗುತ್ತಿದ್ದದ್ದು ಕಿವಿಯ ಮುಚ್ಚಳದ ಒಳಗೂ ಕೇಳಿಸಿತು.

ಹೊರಗೆ ಬಂದು ಎರಡು ಕಾಗದಗಳನ್ನೂ ಮಮ್ಮಿಯ ಮುಂದೆ ಹರಡಿದೆ. ಜಡೆ ಎಳೆದ ಕಾಲದ ಹುರುಪಿನಲ್ಲಿ, ನೋಡಿ ಈಗ, ಗರ್ನಾಲಂತೆ ಗರ್ನಾಲು ಎಂದೆ. ಮಮ್ಮಿ ನಡುವೆ ತೂತಾದ ಕಾಗದವನ್ನು ನೋಡಿ ಬದಿಗಿಟ್ಟರು. ಐದು ತೂತಿನ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು, ಕುಡಿದು ಖಾಲಿಯಾದ ಕರಕ್ ಲೋಟವನ್ನು ತೂತುಗಳ ಮೇಲೆ ಇಟ್ಟರು. ಲೋಟದ ತಳದಲ್ಲಿ ಐದೂ ಮುಚ್ಚಿಹೋದವು. ಲೋಟ ಎತ್ತಿ ಮತ್ತೊಮ್ಮೆ ನೋಡಿದರು.

"ನನಗೆ ಗೊತ್ತಿತ್ತು" ಎಂದರು. "ಇವರು ಜೀವಕ್ಕೆ ತಾಗಿಸುವವರಾಗಿದ್ರೆ ಆ ಕೋವಿಯನ್ನು ಮಕ್ಕಳಿರುವ ಮನೆಯಲ್ಲಿ ಇಡ್ಲಿಕ್ಕೆ ನಾನು ಬಿಡ್ತಿದ್ನಾ?"

ಪಪ್ಪ ಪಿಟೀಲಿಗೆ ಮೊದಲ ಚಪ್ಪಾಳೆ ಸಿಕ್ಕಿದ ಹುಡುಗನ ಹಾಗೆ ನಾಚಿ ನೆಲ ನೋಡಿದರು. ಮಮ್ಮಿ ಆ ಐದು ತೂತಿನ ಕಾಗದವನ್ನು ನಾಲ್ಕು ಮಡಿಕೆ ಮಡಚಿ, ಜಪಸರದ ಜೊತೆ ಕೈಚೀಲಕ್ಕೆ ಹಾಕಿಕೊಂಡರು. ಅದು ಊರಿಗೆ ಹೋಯಿತು. ಸಂಜೀವಣ್ಣನಿಗೆ ತೋರಿಸಿಯೂ ಆಗಿದೆಯಂತೆ. ಅವರು ಕನ್ನಡಕ ಏರಿಸಿ ನೋಡಿ, ಇದು ದುಬೈಯ ಮೆಷಿನ್ನು ಮಾರಾಯ್ರೆ, ಕೋವಿ ಅಲ್ಲ ಎಂದರಂತೆ. ಅವರು ಒಪ್ಪಿದ್ದರೆ ನನಗೇ ಬೇಸರವಾಗುತ್ತಿತ್ತು. ನಡುವೆ ತೂತಾದ ಕಾಗದ ನಮ್ಮ ಫ್ರಿಜ್ಜಿನ ಮೇಲಿದೆ. ಶರಲ್ ಅದರ ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿ, ನನ್ನ ಅಜ್ಜ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾಳೆ.

ಹೊರಡುವ ಮೊದಲು ಪಪ್ಪ, ಖಾಲಿ ತೋಟೆಯನ್ನು ವಿಮಾನದಲ್ಲಿ ಬಿಡುತ್ತಾರಾ ಎಂದು ಕೇಳಿದ್ದರು. ಬಿಡುವುದಿಲ್ಲ, ತೊಂದರೆಯಾಗುತ್ತದೆ ಎಂದಿದ್ದೆ. ಸರಿ ಎಂದವರು ಮತ್ತೆ ಆ ಮಾತೆತ್ತಲಿಲ್ಲ. ನಾನೂ ಪ್ಯಾಕಿಂಗಿನ ಗಡಿಬಿಡಿಯಲ್ಲಿ ಕೇಳಲಿಲ್ಲ. ಆಮೇಲೆ ಅದು ಟಣ್ ಟಣ್ ಎಂದದ್ದು ಕಳೆದ ಶನಿವಾರವೇ.

ಸಂಜೆ ಫೋನು ಮಾಡಿ, ಪಪ್ಪ, ಶರ್ಟು ಇಲ್ಲೇ ಬಿಟ್ಟಿದ್ದೀರಿ, ಕಿಸೆಯಲ್ಲಿ ತೋಟೆಯೂ ಇತ್ತು ಎಂದೆ.

"ಹೌದಾ? ನೋಡು, ಮರ್ತೇ ಹೋಯಿತು. ವಯಸ್ಸಾಯ್ತಲ್ಲ ಬಾಯೆ" ಎಂದರು. ಆಮೇಲೆ ಎಲ್ಲಿಟ್ಟಿದ್ದೀ ಎಂದು ಕೇಳಿದರು. ಅಡುಗೆಮನೆಯ ಕಿಟಕಿಯಲ್ಲಿ ಎಂದೆ.

"ಅಲ್ಲೇ ಇರಲಿ" ಎಂದರು ಪಪ್ಪ.

ಅದೇ ಮಾತನ್ನು ಅವರು ಸ್ಟೇಶನ್ನಿನಲ್ಲಿ ಬಿಟ್ಟ ಕೋವಿಯ ಬಗ್ಗೆ ಹೇಳಿದಾಗ ಸ್ವರ ಹೀಗಿರಲಿಲ್ಲ. ಫೋನು ಇಟ್ಟು ಬಂದಾಗ ರೋನಿ ಒಲೆಯ ಮುಂದೆ ಹಾಲು ಕಾಯುತ್ತಾ ನಿಂತಿದ್ದ. ಏನಂದ್ರು, ಮರೆತದ್ದೇ ಅಲ್ವಾ ಎಂದು ಕೇಳಿದ.

"ಮರೆತದ್ದಲ್ಲ ಮಾರಾಯಾ" ಎಂದೆ. "ಇಟ್ಟದ್ದು."